ಯಂತ್ರಕ್ಕೆ ತಿಳಿಯದ ದನಿ

"ಆಡಿನ ಹೊಟ್ಟಿ ಉಬ್ಬೇತಿ. ಮೇವು ಮುಟ್ಟವಲ್ದು."

ಮಕ್ತುಮಬಿ ನಾಲ್ಕನೇ ಸಲ ಹೇಳಿದಳು. ಫೋನಿನೊಳಗಿನ ಹೆಣ್ಣುದನಿ ಅಷ್ಟೇ ನಯವಾಗಿ, "ಕ್ಷಮಿಸಿ, ನಿಮ್ಮ ಮಾತು ಅರ್ಥವಾಗಲಿಲ್ಲ" ಎಂದು ಕರೆ ಮುಗಿಸಿತು. ಟಿಕೋಟಾ ಸುತ್ತಿನ ಹಳ್ಳಿಗಳಿಗೆ ದನದ ಡಾಕ್ಟರರನ್ನು ಕಳಿಸುವ ವಿಜಯಪುರದ ಆ ಕಂಪನಿ ಯುಗಾದಿಯಿಂದೀಚೆಗೆ ಫೋನೆತ್ತಲು ಮನುಷ್ಯರನ್ನು ಇಟ್ಟಿರಲಿಲ್ಲ. ಯಂತ್ರವೇ ಕೇಳಿಸಿಕೊಂಡು ಯಂತ್ರವೇ ಬರೆದುಕೊಳ್ಳುತ್ತಿತ್ತು. ಗೂಟದ ಹತ್ತಿರ ಗಬ್ಬದ ಆಡು ಕಾಲು ಚಾಚಿ ನರಳುತ್ತಿತ್ತು.

ದ್ರಾಕ್ಷಿ ತೋಟಕ್ಕೆ ಹೊರಟಿದ್ದ ಪಕ್ಕದ ಮನೆಯ ಅಮೋಘಸಿದ್ದ ಬೈಕು ನಿಲ್ಲಿಸಿ ಫೋನು ಇಸಿದುಕೊಂಡ. ಅವಳ ಮಾತನ್ನೇ ಹೇಳಿದ. "ದಾಖಲಾಗಿದೆ, ಧನ್ಯವಾದ" ಎಂದಿತು ಯಂತ್ರ. ಒಂದು ತಾಸಿನಲ್ಲಿ ಡಾಕ್ಟರು ಬಂದರು. ಆಡು ಉಳಿಯಿತು.

ಆದರೂ ಮಕ್ತುಮಬಿಗೆ ಸಮಾಧಾನವಾಗಲಿಲ್ಲ. "ನಾ ಅಂದದ್ದು, ನೀ ಅಂದದ್ದು ಒಂದೇ ಅಲ್ಲೇನೋ ಯಪ್ಪಾ?"

"ಒಂದೇ ಬೇ. ನಿನ್ನ ದನಿ ನಡಗತೈತಿ, ಅದಕ್ಕ ಇರಬೇಕು."

"ಅರವತ್ತೆಂಟಾತು, ನಡಗದ ಏನ ಮಾಡೀತು? ನೀ ತೋಟಕ್ಕ ಹೋಗಿದ್ದಿ ಅಂದ್ರ ನನ್ನ ಆಡು ಸಾಯಬೇಕೇನು?"

ಮರುದಿನ ಅವಳು ಬಸ್ಸು ಹಿಡಿದು ಅಥಣಿ ರಸ್ತೆಯಲ್ಲಿದ್ದ ಆ ಕಂಪನಿಯ ಆಫೀಸಿಗೇ ಬಂದಳು. ಮ್ಯಾನೇಜರ್ ಸುಶೀಲೇಂದ್ರ ಕುರ್ಚಿ ಕೊಟ್ಟ, ನೀರು ಕೊಟ್ಟ. ಆಮೇಲೆ, "ಮನ್ಯಾಗಿನ ಹರೇದವರ ಕಡಿಂದ ಫೋನ ಮಾಡಸ್ರಿ ಅಮ್ಮಾ" ಎಂದ.

"ನಮ್ಮ ಮನ್ಯಾಗ ಹರೇದದ್ದು ಅಂದ್ರ ಆ ಆಡೊಂದೇ ಅದ ರೀ."

ಪಕ್ಕದ ಮೇಜಿನಲ್ಲಿ ಗೌತಮಿ ನಕ್ಕುಬಿಟ್ಟಳು. ಯಂತ್ರಕ್ಕೆ ಮಾತು ಕಲಿಸುವ ಕೆಲಸ ಅವಳದು. ಮುದುಕಿಯನ್ನು ಹತ್ತಿರ ಕೂರಿಸಿಕೊಂಡು ಅದೇ ಮಾತು ಮತ್ತೊಮ್ಮೆ ಹೇಳಿಸಿದಳು. ಪರದೆಯ ಮೇಲೆ 'ಅಡಿಗಿ ಉಪ್ಪ ಐತಿ' ಎಂದು ಮೂಡಿತು. ಗೌತಮಿಯ ನಗು ನಿಂತಿತು. ಯಂತ್ರಕ್ಕೆ ಕಲಿಸಲು ದನಿ ಕೊಟ್ಟವರ ಪಟ್ಟಿ ತೆಗೆದು ನೋಡಿದಳು. ಹೆಚ್ಚಿನವರು ಕಾಲೇಜು ಹುಡುಗರು. ಎಲ್ಲರಿಗಿಂತ ಹಿರಿಯನಿಗೆ ನಲವತ್ತೊಂದು ವರ್ಷ. ಅರ್ಥವಾಗದೆ ಕಡಿದುಹೋದ ಕರೆಗಳನ್ನು ಒಂದೊಂದಾಗಿ ಕೇಳಿದಳು. ಒಬ್ಬ ಮುದುಕ ಆರು ಸಲ "ಕೇಳಸ್ತೈತೇನ್ರಿ?" ಎಂದು ಕೂಗಿದ್ದ. ಒಬ್ಬಾಕೆ ಅತ್ತಿದ್ದಳು. ಗೌತಮಿ ಎದ್ದು ಹೋಗಿ ಇಯರ್‌ಫೋನನ್ನು ಸುಶೀಲೇಂದ್ರನ ಕೈಗಿಟ್ಟಳು.

ಅವನು ಬಹಳ ಹೊತ್ತು ಕೇಳಿದ. "ಹೊಸದಾಗಿ ಕಲಿಸಬೇಕಂದ್ರ ಎಷ್ಟು ಮಂದಿ ಬೇಕು?"

"ಕಡಿಮಿ ಅಂದ್ರ ಮುನ್ನೂರು ಮಂದಿ ಬೇಕ್ರಿ ಸರ್. ಆದ್ರ ಇಷ್ಟು ವಯಸ್ಸಾದವರನ್ನ ಎಲ್ಲಿಂದ ತರೂದು?"

"ಬಬಲೇಶ್ವರ ಸಂತಿಗೆ ಬಾ ತಂಗಿ," ಎಂದಳು ಮಕ್ತುಮಬಿ. "ನಮ್ಮ ವಾರಗಿ ಮುದುಕರೆಲ್ಲಾ ಅಲ್ಲೇ ಸಿಗ್ತಾರ."

ಸಂತೆಯ ದಿನ ಗೌತಮಿ ಬೇವಿನ ಮರದ ಕೆಳಗೆ ಮೈಕು ಇಟ್ಟುಕೊಂಡು ಕೂತಳು. ಮಕ್ತುಮಬಿ ಆಡು ಮಾರುವವರನ್ನು, ಉಳ್ಳಾಗಡ್ಡಿ ಮಾರುವವರನ್ನು ಕೈಹಿಡಿದು ಎಳೆತಂದು ಸಾಲಾಗಿ ನಿಲ್ಲಿಸಿದಳು. ಆಡು ಮಾರುವ ಮುದುಕ ಬುಡ್ಡೇಸಾಬ ಮೈಕಿಗೆ ಮೊದಲು ಸಲಾಮು ಹೇಳಿಯೇ ಮಾತು ಸುರುಮಾಡಿದ. ಅವನಾದ ಮೇಲೆ ಎಂಬತ್ತರ ಗುರಲಿಂಗಪ್ಪ ಬಂದು ಕೂತ.

"ಹಲ್ಲಿನ ಸೆಟ್ಟು ಇಟಗೊಂಡ ಹೇಳ್ಲ್ಯೋ, ತಗದ ಹೇಳ್ಲ್ಯೋ?"

"ಎರಡೂ ಬೇಕ್ರಿ ಅಜ್ಜಾರ."

ಗುರಲಿಂಗಪ್ಪ ತನ್ನ ಎಮ್ಮೆಯ ಕೆಚ್ಚಲು ಬಾತ ಸುದ್ದಿಯನ್ನು ಒಮ್ಮೆ ಪೂರ್ತಿ ಹೇಳಿದ. ಆಮೇಲೆ ಸೆಟ್ಟು ತೆಗೆದು, ಧೋತರದ ಚುಂಗಿನಲ್ಲಿ ಸುತ್ತಿ ಅಂಗೈಯಲ್ಲಿ ಹಿಡಿದುಕೊಂಡು, ಮತ್ತೆ ಮೊದಲಿನಿಂದ ಸುರುಮಾಡಿದ. ಹಿಂದೆ ನಿಂತವರಿಗೆ ಮಕ್ತುಮಬಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.