ಮಂಗಳ ಗ್ರಹದ ಥೆಲ್ಮಾ

ಅತ್ತೆ ಥೆಲ್ಮಾ ಅವರ ಎಪ್ಪತ್ತನೇ ಹುಟ್ಟುಹಬ್ಬದ ಊಟಕ್ಕೆ ಕಾಲಿನ್ ಬಂದದ್ದು ಎರಡು ಗಂಟೆ ತಡವಾಗಿ, ಅದೂ ಬರಿಗೈಯಲ್ಲಿ. ಮಂಗಳ ಗ್ರಹದ ಮೇಲೆ ತೆವಳುತ್ತಿದ್ದ ರೋವರ್ ಕಳಿಸುವ ಚಿತ್ರಗಳನ್ನು ಕ್ಯಾನ್‌ಬೆರಾದಲ್ಲಿ ಕೂತು ನೋಡುವುದು, ಪರೀಕ್ಷೆಗೆ ಯೋಗ್ಯವಾದ ಬಂಡೆಗಳನ್ನು ಆರಿಸಿ ಗುರುತಿಗೊಂದು ಹೆಸರಿಡುವುದು ಅವನ ಕೆಲಸ. ಬಾಗಿಲಲ್ಲೇ ಹೆಂಡತಿ ಬ್ರಾನ್‌ವಿನ್ ದುರುಗುಟ್ಟಿ ನೋಡಿದಳು. ಅವನ ಬಾಯಿಂದ ಸುಳ್ಳು ತಾನಾಗಿ ಜಾರಿತು.

"ಥೆಲ್ಮಾ, ನಿಮ್ಮ ಉಡುಗೊರೆ ತರೋಕಾಗ್ಲಿಲ್ಲ. ಅದು ಮಂಗಳದಲ್ಲಿದೆ. ಅಲ್ಲೊಂದು ಬಂಡೆಗೆ ನಿಮ್ಮ ಹೆಸರಿಟ್ಟಿದ್ದೀನಿ."

ಥೆಲ್ಮಾ ಚಮಚ ಕೆಳಗಿಟ್ಟರು. "ಫೋಟೋ ಇದೆಯಾ?"

ಅವತ್ತು ಬೆಳಿಗ್ಗೆ ಬಂದಿದ್ದ ಚಿತ್ರವನ್ನೇ ತೋರಿಸಿದ. ಕೆಂಪು ಮರಳಿನ ನಡುವೆ ಒಂಟಿ ಬಂಡೆ, ಬುಡ ಅಗಲ, ಗದ್ದ ಮೇಲೆತ್ತಿ ಯಾರನ್ನೋ ಗದರಿಸುವ ಭಂಗಿ. ಬ್ರಾನ್‌ವಿನ್ ಕೆಮ್ಮುವ ನೆಪ ಮಾಡಿ ಒಳಗೆ ಹೋದಳು.

"ನಿಲುವು ಚೆನ್ನಾಗಿದೆ ಮಗಾ," ಎಂದರು ಥೆಲ್ಮಾ.

ಮರುದಿನ ಕಾಲಿನ್ ಎಲ್ಲರಿಗಿಂತ ಮೊದಲು ಕಚೇರಿಗೆ ಓಡಿ ಸುಳ್ಳನ್ನು ನಿಜ ಮಾಡಿದ.

ಥೆಲ್ಮಾ ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ತಮ್ಮ ಬೌಲ್ಸ್ ಕ್ಲಬ್ಬಿನ ಗೋಡೆಗೆ ನೇತುಹಾಕಿದರು. ಕ್ಲಬ್ಬಿನಲ್ಲಿ ಅವರಿಗೆ ಮೂವತ್ತು ವರ್ಷಗಳಿಂದ ಒಬ್ಬಳು ಎದುರಾಳಿ ಇದ್ದಳು, ನೊರೀನ್ ಎಂದು. ಎಲ್ಲರೂ ಬಂಡೆಯನ್ನು ಹೊಗಳಿದರೆ ನೊರೀನ್ ಮಾತ್ರ ಮನೆಗೆ ಹೋಗಿ, ರೋವರ್ ತಂಡದ ವಾರದ ವರದಿ ಎಲ್ಲಿ ಸಿಗುತ್ತದೆಂದು ಹುಡುಕಿದಳು. ಮುಂದಿನ ಮಂಗಳವಾರ ಕ್ಲಬ್ಬಿನಲ್ಲಿ ಚಹಾದ ಹೊತ್ತಿಗೆ ಕನ್ನಡಕ ಏರಿಸಿ ಓದಿದಳು.

"'ಥೆಲ್ಮಾ ನಾವು ಅಂದುಕೊಂಡಿದ್ದಕ್ಕಿಂತ ಅಗಲವಾಗಿದೆ. ಮೇಲ್ಮೈ ಬಹಳ ಸವೆದಿದೆ.' ನಾನು ಹೇಳಿದ್ದಲ್ಲಪ್ಪ, ವಿಜ್ಞಾನ ಹೇಳ್ತಿರೋದು."

ಸಂಜೆ ಕಾಲಿನ್‌ಗೆ ಫೋನು ಬಂತು. "ನಾನು ಸವೆದಿದ್ದೀನಾ?"

"ನೀವಲ್ಲ ಥೆಲ್ಮಾ, ಬಂಡೆ. ಗಾಳಿ ಹೊಡೆದು ಹೊಡೆದು ಹಾಗಾಗಿರೋದು."

"ಮಾತು ತಿರುಗಿಸ್ಬೇಡ. ಸರಿಯಾಗಿ ಬರಿ."

ಮುಂದಿನ ವರದಿಯಲ್ಲಿ ಅವನು 'ಥೆಲ್ಮಾ ಘನತೆವೆತ್ತ ಬಂಡೆ' ಎಂದು ಬರೆದ. ತಂಡದ ಮುಖ್ಯಸ್ಥೆ ಡಾಕ್ಟರ್ ಪೆಟ್ರೋವಿಚ್ ಅವನನ್ನು ಕರೆಸಿದಳು.

"ಈ ಘನತೇನ ಯಾವ ಉಪಕರಣದಲ್ಲಿ ಅಳೆದ್ರಿ ಕಾಲಿನ್?"

ಆ ಸಾಲು ಹೊಡೆದುಹಾಕಿ ಅವಳೇ ಬರೆದಳು: 'ಮುಂದಿನ ವಾರ ಗುರುವಾರ ಥೆಲ್ಮಾವನ್ನು ಕೊರೆಯಲಾಗುವುದು. ಒಳಗೆ ಮೆತ್ತಗಿರಬಹುದು.' ನೊರೀನ್ ಅದನ್ನು ಕ್ಲಬ್ಬಿನಲ್ಲಿ ಎರಡು ಸಲ ಗಟ್ಟಿಯಾಗಿ ಓದಿದಳು. ಭಾನುವಾರದ ಊಟಕ್ಕೆ ಥೆಲ್ಮಾ ಅಳಿಯನ ತಟ್ಟೆಗೆ ಬರೀ ಬೇಯಿಸಿದ ಕುಂಬಳಕಾಯಿ ಬಡಿಸಿದರು.

ಗುರುವಾರ ರೋವರ್ ಕೈ ಚಾಚಿ ಕೊರೆಯತೊಡಗಿತು. ಎರಡು ಬೆರಳಿನಷ್ಟು ಇಳಿದದ್ದೇ ತಡ, ಬೈರಿಗೆಯ ಮೊನೆ ಬಂಡೆಯಲ್ಲಿ ಕಚ್ಚಿಕೊಂಡಿತು. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಒಂದು ದಿನ ಕಳೆಯಿತು, ಎರಡಾಯಿತು. ಗದ್ದ ಎತ್ತಿದ ಬಂಡೆ ರೋವರಿನ ಕೈ ಹಿಡಿದು ನಿಲ್ಲಿಸಿದ ಚಿತ್ರ ದೇಶದ ಪತ್ರಿಕೆಗಳ ಮುಖಪುಟಕ್ಕೆಲ್ಲ ಬಂತು. 'ಬಿಡಲೊಲ್ಲದ ಥೆಲ್ಮಾ' ಎಂದು ತಲೆಬರಹ.

ಥೆಲ್ಮಾ ಹೊಸ ಟೋಪಿ ಹಾಕಿಕೊಂಡು ಕ್ಲಬ್ಬಿಗೆ ಹೋದರು. ಊರಿನ ರೇಡಿಯೋದವರು ಬಂದು, ಬಂಡೆ ಯಾವಾಗ ಬಿಡಬಹುದು ಎಂದು ಅವರನ್ನೇ ಕೇಳಿದರು.

"ಕೇಳೋ ರೀತೀಲಿ ಕೇಳಿದ್ರೆ ಬಿಡ್ತಾಳೆ."

ನಿದ್ದೆಗೆಟ್ಟ ಡಾಕ್ಟರ್ ಪೆಟ್ರೋವಿಚ್ ಅದನ್ನು ಕೇಳಿಸಿಕೊಂಡು, "ನಿಮ್ಮತ್ತೆ ಹೇಳೋದ್ರಲ್ಲೂ ಅರ್ಥ ಇದೆ. ತುಂಬಾ ಜೋರಾಗಿ ಎಳೀತಿದ್ದೀವಿ," ಎಂದಳು. ತಂಡದವರು ಬೈರಿಗೆಯನ್ನು ಮೆಲ್ಲಗೆ, ಕೂದಲೆಳೆಯಷ್ಟೇ ಹಿಂದಕ್ಕೆ ತಿರುಗಿಸುತ್ತ ಬಂದರು. ಐದನೇ ದಿನ ಥೆಲ್ಮಾ ಬಿಟ್ಟಿತು. ವರದಿಯಲ್ಲಿ 'ಇದುವರೆಗಿನ ಬಂಡೆಗಳಲ್ಲೇ ಅತ್ಯಂತ ಗಟ್ಟಿ' ಎಂದು ಬಂತು. ಈ ಸಲ ಕ್ಲಬ್ಬಿನಲ್ಲಿ ಓದಿದ್ದು ಥೆಲ್ಮಾ, ನಿಂತುಕೊಂಡು.

ವಾರ ಕಳೆದ ಮೇಲೆ ನೊರೀನ್ ಒಂದು ಡಬ್ಬಿ ಲ್ಯಾಮಿಂಗ್ಟನ್ ಕೇಕು ಹಿಡಿದು ಕಾಲಿನ್‌ನ ಮನೆಗೆ ಬಂದಳು.

"ನಂಗೂ ಒಂದು ಬಂಡೆ, ಚಿಕ್ಕದಾದ್ರೂ ಪರ್ವಾಗಿಲ್ಲ ಮಗಾ. ಹೊಳಪಿರೋದು ನೋಡು. ಕೊರೀಬೇಡಿ ಅಷ್ಟೆ."

ಕಾಲಿನ್ ಹುಡುಕಿ ಹುಡುಕಿ ಫಳಫಳ ಹೊಳೆಯುವ ಪುಟ್ಟದೊಂದಕ್ಕೆ ಅವಳ ಹೆಸರಿಟ್ಟ. ಮೂರು ದಿನದ ನಂತರ ಹತ್ತಿರದ ಚಿತ್ರ ಬಂತು. ಅದು ಕಲ್ಲಾಗಿರಲಿಲ್ಲ. ರೋವರ್ ಇಳಿಯುವಾಗ ಅದರಿಂದಲೇ ಕಳಚಿ ಬಿದ್ದ ತಗಡಿನ ಚೂರು.

ಅಷ್ಟರಲ್ಲಿ ಲ್ಯಾಮಿಂಗ್ಟನ್ ಖಾಲಿಯಾಗಿತ್ತು. ಕಾಲಿನ್ ಡಬ್ಬಿ ತೊಳೆದು, ಒರೆಸಿ, ನೊರೀನ್ ಮನೆಗೆ ಹಿಂದಿರುಗಿಸಲು ತಾನು ಹೋಗದೆ ಬ್ರಾನ್‌ವಿನ್‌ಳನ್ನು ಕಳಿಸಿದ.