ಅಕ್ಕನ ದವಡೆ ಹಲ್ಲು

ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದ ಅಕ್ಕ ಊದಿದ ಕೆನ್ನೆ ಹೊತ್ತುಕೊಂಡು ಮನೆಗೆ ಬಂದವಳೇ, ಕಾಗದದ ಪೊಟ್ಟಣವೊಂದನ್ನು ತಂಗಿಯ ಕೈಗಿಟ್ಟಳು. ಒಳಗೆ ಒಂದು ದವಡೆ ಹಲ್ಲು.

"ತಗೋ ಪುಟ್ಟಿ. ಊರೋರ ಹಲ್ಲೆಲ್ಲ ಅಳೀತೀಯ, ನಂದೂ ಅಳಿ. ಯಾರಾದ್ರೂ ವಯಸ್ಸು ಕೇಳಿದ್ರೆ ಬಾಯಿಗೆ ಬಂದದ್ದು ಹೇಳಿ ಹೇಳಿ ಸಾಕಾಗಿದೆ."

ಪುಟ್ಟಿ ಪೊಟ್ಟಣವನ್ನು ಹಾಗೇ ಮತ್ತೆ ಮಡಚಿದಳು. ಅರವತ್ತರ ಹತ್ತಿರ ಬಂದರೂ, ಪ್ರಯೋಗಾಲಯದಲ್ಲಿ ಹತ್ತು ಜನ 'ಮೇಡಂ' ಎಂದು ಎದ್ದು ನಿಂತರೂ, ಮನೆಯಲ್ಲಿ ಅವಳು ಪುಟ್ಟಿಯೇ. ಹಾಗೆಂದು ತೀರ್ಮಾನ ಮಾಡಿದ್ದು ಅಮ್ಮ. ಪ್ರವಾಹ ಇಳಿದ ಮೇಲೆ ಪರಿಹಾರದ ಡೇರೆಯಲ್ಲಿ ವಾರಸುದಾರರಿಲ್ಲದ ಎರಡು ಹೆಣ್ಣು ಕೂಸುಗಳು ಉಳಿದಿದ್ದವು. ಬಟ್ಟೆ ಹೊಲಿದುಕೊಡಲು ಬಂದಿದ್ದ ಅಮ್ಮ, ಒಂದನ್ನು ಎತ್ತಿಕೊಂಡರೆ ಇನ್ನೊಂದು ಅಳುತ್ತದೆಂದು ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಆಮೇಲೆ ಇಬ್ಬರನ್ನೂ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಎತ್ತರವಿದ್ದವಳು ಅಕ್ಕ, ಸೊರಗಿ ಗಿಡ್ಡಗಿದ್ದವಳು ತಂಗಿ ಎಂದಳು. ದರ್ಜಿಯ ಕಣ್ಣಳತೆ, ಯಾರು ಎದುರಾಡುತ್ತಾರೆ?

ಮುಂದೆ ಅಮ್ಮನ ಕಣ್ಣು ಮಂಜಾದಾಗ, ಹೊಲಿಗೆ ಯಂತ್ರದ ಮುಂದೆ ಒಬ್ಬರು ಕೂರಲೇಬೇಕಾಯಿತು. ದೊಡ್ಡವಳು ಕೆಲಸಕ್ಕೆ, ಚಿಕ್ಕವಳು ಶಾಲೆಗೆ. ಇದು ಯಾವ ಮನೆಯಲ್ಲಾದರೂ ನಡೆಯುವ ಲೆಕ್ಕ. ಅಕ್ಕ ತುಳಿದ ಯಂತ್ರದಿಂದಲೇ ಪುಟ್ಟಿ ಓದಿ, ಹಲ್ಲಿನಿಂದ ವಯಸ್ಸು ಹೇಳುವ ಕೆಲಸಕ್ಕೆ ಸೇರಿದಳು.

"ಅದು ಹೇಗೆ ಗೊತ್ತಾಗುತ್ತೋ ನಂಗಂತೂ ತಿಳೀದು," ಎಂದಳು ಅಕ್ಕ, ಉಪ್ಪುನೀರು ಮುಕ್ಕಳಿಸಿ.

ಪುಟ್ಟಿ ನೂರು ಸಲ ಹೇಳಿದ್ದನ್ನೇ ಮತ್ತೆ ಹೇಳಿದಳು. ಗಾಳಿಯಲ್ಲಿ ವಿಕಿರಣ ಸೂಸುವ ಇಂಗಾಲ ಯಾವಾಗಲೂ ಒಂದಿಷ್ಟು ಇರುತ್ತದೆ. ಅವರಿಬ್ಬರೂ ಕೂಸುಗಳಾಗಿದ್ದ ಕಾಲದಲ್ಲಿ ದೊಡ್ಡ ದೇಶಗಳು ಪೈಪೋಟಿಗೆ ಬಿದ್ದು ಬಯಲಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡಿದ್ದರಿಂದ ಅದು ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಯಿತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ತುತ್ತಿಗೆ, ತುತ್ತಿನಿಂದ ಹಲ್ಲಿಗೆ. ಹಲ್ಲಿನ ಮೇಲ್ಪದರ ಎಳವೆಯಲ್ಲಿ ಒಮ್ಮೆ ಕಟ್ಟಿತೆಂದರೆ ಮತ್ತೆ ಬದಲಾಗುವುದಿಲ್ಲ, ಆ ವರ್ಷದ ಗುರುತು ಸಾಯುವ ತನಕ ಬಾಯಲ್ಲೇ ಇರುತ್ತದೆ.

"ಸಿಡಿಲು ಹೊಡೆದ್ರೂ ಅದು ಹುಟ್ಟುತ್ತೆ ಅಂದಿದ್ದೆ. ಲೆಕ್ಕ ಕೆಡಲ್ವ?"

"ಹುಟ್ಟುತ್ತೆ. ಸಮುದ್ರಕ್ಕೆ ಒಂದು ಚಮಚ ಹಾಕಿದಷ್ಟು."

ಅಕ್ಕನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಪ್ರಯೋಗಾಲಯದವರು ತಮ್ಮ ಹಲ್ಲು ಕೀಳಿಸಿದರೆ ಎಸೆಯುವುದಿಲ್ಲ. ಯಂತ್ರ ಸರಿಯಿದೆಯೇ ಎಂದು ನೋಡಲು ಮೊದಲು ಅದನ್ನೇ ಕೊಡುತ್ತಾರೆ, ಅದೊಂದು ರೂಢಿ. ವರ್ಷಗಳ ಹಿಂದೆ ಪುಟ್ಟಿಯೂ ಕೊಟ್ಟಿದ್ದಳು. ಅಮ್ಮ ಅಂದಾಜು ಮಾಡಿದ್ದಕ್ಕಿಂತ ಅವಳು ದೊಡ್ಡವಳು ಎಂದು ಬಂದಿತ್ತು. ಹಾಗಾದರೆ ಅಕ್ಕ? ಆ ಪ್ರಶ್ನೆಯನ್ನು ಅವಳು ಬಿಸಿ ತುಪ್ಪದಂತೆ ಬಾಯಲ್ಲೇ ಇಟ್ಟುಕೊಂಡಿದ್ದಳು, ನುಂಗಲಿಲ್ಲ, ಉಗುಳಲಿಲ್ಲ. ಅಕ್ಕನೇ ಚಿಕ್ಕವಳಾಗಿದ್ದರೆ, ಶಾಲೆಗೆ ಹೋಗಬೇಕಾದವಳು ಅವಳು. ತಾನು ಓದಿದ್ದೆಲ್ಲ ಅವಳ ಪಾಲಿನದು.

ಮರುದಿನ ಹಲ್ಲಿನ ಮೇಲ್ಪದರವನ್ನು ಬಿಡಿಸಿ, ತೊಳೆದು, ಅದರ ಇಂಗಾಲವನ್ನು ಬೇರ್ಪಡಿಸುವ ಕೆಲಸ ಶುರುವಾಯಿತು. ಕೆಲವು ವಾರಗಳ ಮೇಲೆ ಲಕ್ಷಗಟ್ಟಲೆ ವೋಲ್ಟಿನ ದೊಡ್ಡ ಯಂತ್ರಕ್ಕೆ ಸರದಿ ಬಂತು. ಭಾರದ ಇಂಗಾಲವನ್ನೂ ಹಗುರದ್ದನ್ನೂ ಬೇರೆ ಬೇರೆ ಮಾಡಿ ಎಣಿಸುವ ಆ ಯಂತ್ರಕ್ಕೆ ಯಾರ ಮುಲಾಜೂ ಇಲ್ಲ. ಪುಟ್ಟಿ ಫಲಿತಾಂಶ ನೋಡಿದಳು, ಮತ್ತೆ ಎಣಿಸಲು ಹೇಳಿದಳು, ಮತ್ತೆ ಅದೇ ಬಂತು. ಅಕ್ಕ ಅವಳಿಗಿಂತ ಎರಡು ವರ್ಷ ಚಿಕ್ಕವಳು.

ಅಂದು ಸಂಜೆ ಮನೆಗೆ ಹೋದಾಗ ಅಕ್ಕ ಹೊಲಿಗೆ ಯಂತ್ರದಲ್ಲಿ ಯಾರದೋ ಕೋಟಿಗೆ ಒಳಪದರ ಹೊಲಿಯುತ್ತಿದ್ದಳು.

"ಬಂತಾ?"

"ಬಂತು. ಅಮ್ಮ ಹೇಳಿದ್ದೇ ಸರಿ. ನೀನೇ ದೊಡ್ಡೋಳು."

ಯಂತ್ರ ನಿಂತಿತು. "ಪುಟ್ಟಿ, ಸುಳ್ಳು ಹೇಳೋವಾಗೆಲ್ಲ ನೀನು ನನ್ನ ದಾರದ ಉಂಡೆ ಎತ್ಕೊಂಡು ಸುತ್ತೋಕೆ ಶುರು ಮಾಡ್ತೀಯ. ಚಿಕ್ಕೋಳಿದ್ದಾಗಿಂದ ನೋಡಿದೀನಿ. ಕೆಳಗಿಡು."

ಪುಟ್ಟಿ ಉಂಡೆ ಕೆಳಗಿಟ್ಟಳು. ಆಮೇಲೆ ಎಲ್ಲವನ್ನೂ ಹೇಳಿದಳು, ಅಡಗಿಸಿಟ್ಟಿದ್ದ ತನ್ನ ಹಲ್ಲಿನ ಕಥೆಯನ್ನೂ ಬಿಡದೆ. ಹೇಳುತ್ತಾ ಹೇಳುತ್ತಾ ಅಳು ಬಂತು. "ನಿನ್ನ ಓದು ನಾನು ಓದಿಬಿಟ್ಟೆ ಅಕ್ಕ."

ಅಕ್ಕ ಬಾಗಿಲ ಚೌಕಟ್ಟನ್ನೇ ನೋಡುತ್ತಾ ಕುಳಿತಳು. ಯಾವಾಗಲೂ ನಗುವವಳು ಈಗ ನಗಲಿಲ್ಲ.

"ನಾಲ್ಕನೇ ಕ್ಲಾಸಿನ ಪುಸ್ತಕ ವಾಪಸ್ ಕೊಟ್ಟ ದಿನ ಅತ್ತಿದ್ದೆ," ಎಂದಳು ಕೊನೆಗೆ. "ಬಚ್ಚಲಲ್ಲಿ. ನಿಂಗೆ ಗೊತ್ತಾಗದ ಹಾಗೆ. ದೊಡ್ಡೋಳು ಅಳಬಾರದು ಅಂತ."

ಅಕ್ಕ ಕೋಟನ್ನು ಮಡಿಲಿಗೆಳೆದುಕೊಂಡು ಅಂಚು ಸವರಿದಳು.

"ಅಮ್ಮನ ಕಣ್ಣಳತೆ ಎಷ್ಟೋ ಸಲ ತಪ್ತಿತ್ತು ಕಣೇ. ತಪ್ಪಿದ್ರೆ ಬಟ್ಟೆ ಎಸೀತಿದ್ಲಾ? ಹೊಲಿಗೆ ಬಿಚ್ಚಿ ಮತ್ತೆ ಹಾಕ್ತಿದ್ಲು. ನಿಂಗೋಸ್ಕರ ತುಳಿದೆ ಅನ್ನೋದಕ್ಕೆ ನಂಗೇನೂ ಬೇಜಾರಿಲ್ಲ. ಅದು ಪ್ರೀತಿಯಿಂದ ತುಳಿದದ್ದು, ವಯಸ್ಸು ನೋಡಿ ಅಲ್ಲ. ಆದ್ರೆ..." ಅವಳ ಕಣ್ಣಲ್ಲಿ ಎಂದೂ ಕಾಣದ ತುಂಟತನ ಬಂತು. "ಆದ್ರೆ ಈಗ ನಾನು ಚಿಕ್ಕೋಳು ತಾನೇ? ಹಾಗಾದ್ರೆ ಕಿಟಕಿ ಪಕ್ಕದ ಹಾಸಿಗೆ ನಂದು. ಆಮೇಲೆ, ಮೂಲೆ ಕಟ್ಟಡದಲ್ಲಿ ದೊಡ್ಡೋರಿಗೆ ಅಂತ ಸಂಜೆ ಶಾಲೆ ನಡಿಯುತ್ತಲ್ಲ, ದಿನಾ ಅದರ ಮುಂದೆ ಬರೋವಾಗ ನಿಧಾನಕ್ಕೆ ನಡೀತೀನಿ ನಾನು. ಅಲ್ಲಿಗೆ ನನ್ನ ಸೇರಿಸು."

"ನಾಳೇನೇ," ಎಂದಳು ಪುಟ್ಟಿ, ಮೂಗೊರೆಸಿಕೊಂಡು.

ಮರುದಿನ ಅಕ್ಕ ಹೊಸದಾಗಿ ಹೊಲಿದ ಚೀಲ ಹೆಗಲಿಗೇರಿಸಿದಳು. ರಸ್ತೆ ದಾಟುವಾಗ ಪುಟ್ಟಿಯ ಕೈ ಹಿಡಿಯುವುದು ಅವಳ ಹಳೆಯ ಅಭ್ಯಾಸ. ಇಂದು ಪುಟ್ಟಿಯೇ ಮೊದಲು ಹಿಡಿದಳು. ಸಂಜೆ ಶಾಲೆಯ ಮೇಷ್ಟ್ರು ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು.

"ಸೇರೋರು ಯಾರು?"

ಅಕ್ಕ ಪುಟ್ಟಿಯ ಹಿಂದೆ ಅರ್ಧ ಅಡಗಿ ನಿಂತಿದ್ದಳು. ಅಷ್ಟು ಎತ್ತರದ ಹೆಂಗಸು ಅಷ್ಟು ಚಿಕ್ಕವಳಾಗಿ ನಿಂತದ್ದು ಅದೇ ಮೊದಲು.

"ಇವಳು," ಎಂದಳು ಪುಟ್ಟಿ.

"ಇವರು ನಿಮಗೆ ಏನಾಗ್ಬೇಕು?"

"ನನ್ನ ತಂಗಿ," ಎಂದು ಅವಳನ್ನು ಮುಂದಕ್ಕೆ ಕರೆದು ನಿಲ್ಲಿಸಿದಳು.