ಬೈಗುಳದ ನೆಂಟಸ್ತಿಕೆ

"ಇವತ್ತು ಅದನ್ನ ಮುಗಿಸ್ದೆ ಮನೆಗೆ ಹೋದ್ರೆ ಸೋಮವಾರದಿಂದ ನಿನಗೆ ಡ್ಯೂಟಿ ಹಾಕಲ್ಲ, ಈಗ್ಲೇ ಹೇಳಿದೀನಿ." ಕ್ಲಿನಿಕ್ಕಿನ ಮ್ಯಾನೇಜರ್ ಗ್ಲೆನಿಸ್ ಬಾಗಿಲಲ್ಲೇ ನಿಂತು ಬೆರಳಾಡಿಸಿದಳು.

ಅಕೊಸಿತಾ ಕಂಪ್ಯೂಟರಿನಿಂದ ಕಣ್ಣು ಕೀಳದೆ ಬಾಯಲ್ಲಿದ್ದ ಮರಗೆಣಸನ್ನು ನುಂಗಿದಳು. "ಮುಗಿಸ್ತಾ ಇದೀನಲ್ಲ ಮಾರಾಯ್ತಿ. ನೆಮ್ಮದಿಯಾಗಿ ಊಟ ಮಾಡೋಕೂ ಬಿಡಲ್ಲ ನೀನು."

ಮನುಷ್ಯರನ್ನು ಸಾಗಿಸಿ ದುಡಿಸಿಕೊಳ್ಳುವವರ ಕೈಗೆ ಸಿಕ್ಕ ರೋಗಿಗಳನ್ನು ಗುರುತಿಸುವುದು ಹೇಗೆ ಎಂಬ ತರಬೇತಿ ಅದು. ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಈ ವರ್ಷದಿಂದ ಕಡ್ಡಾಯ. ಪರದೆಯ ಮೇಲೆ ಕತ್ತಲೆ ಕೋಣೆ, ಮೂಲೆಯಲ್ಲಿ ಮುದುಡಿ ಕೂತ ಹುಡುಗಿ, ಬಾಗಿಲಲ್ಲಿ ಗಂಡಸಿನ ನೆರಳು. ಅಕೊಸಿತಾಗೆ ನಗು ಬಂತು. ಇಷ್ಟು ವರ್ಷ ನರ್ಸ್ ಆಗಿ ತಲೆ ನೆರೆತವಳಿಗೆ, ಇಂಥ ಹುಡುಗಿ ಎದುರಿಗೆ ಬಂದು ಕೂತರೆ ತಿಳಿಯದೆ ಹೋದೀತೇ? ರೋಗಿಯನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸಿ ಎಂದಿತು ಪಾಠ. ಅದೂ ಗೊತ್ತಿರುವ ವಿಷಯವೇ ಎಂದುಕೊಂಡು ಮುಂದಿನ ಪುಟ ಒತ್ತಿದಳು.

ಅಷ್ಟರಲ್ಲಿ ಹೊರಗಿನಿಂದ ಫಿಜಿಯ ಮಾತಿನಲ್ಲಿ ಗಟ್ಟಿ ದನಿ ಕೇಳಿಸಿತು. "ಇಲ್ಲಿ ಮೀನಿನ ತಲೆ ಕದ್ದು ತಿನ್ನೋ ದ್ವೀಪದವಳೊಬ್ಳು ಇದಾಳಂತಲ್ಲ, ಬದುಕಿದಾಳೋ ಸತ್ಲೋ?"

ಅಕೊಸಿತಾಳ ಮುಖ ಅರಳಿತು. ಪೆನೈಯಾ! ಊರಾಚೆಯ ತರಕಾರಿ ತೋಟಗಳಿಗೆ ಫಿಜಿಯಿಂದ ಬಂದ ಕೆಲಸಗಾರರ ಮೇಸ್ತ್ರಿ. ಭಾನುವಾರ ಚರ್ಚಿನಲ್ಲಿ ಅವಳ ಹಿಂದಿನ ಸಾಲಿನಲ್ಲಿ ನಿಂತು ಹಾಡುವವನು. ಫಿಜಿಯಲ್ಲಿ ಅವನ ಊರಿಗೂ ಅವಳ ದ್ವೀಪಕ್ಕೂ ತೌವು. ಇಬ್ಬರ ಮೂಲದೇವರೂ ಒಂದೇ ಎಂಬ ಲೆಕ್ಕದ ನೆಂಟಸ್ತಿಕೆ ಅದು. ತೌವು ಎದುರಾದರೆ ಬಾಯ್ತುಂಬ ಬೈಯಬೇಕು, ಕೈಯಲ್ಲಿದ್ದದ್ದನ್ನು ಕಸಿದುಕೊಳ್ಳಬೇಕು. ಬೈಸಿಕೊಂಡವರು ನಗಬೇಕು. ಮುಖ ಗಂಟಿಕ್ಕಿದರೆ ಮಾನ ಹೋದ ಹಾಗೆ. ಹೊರನಾಡಿನಲ್ಲಿ ವರ್ಷಗಟ್ಟಲೆ ಸಭ್ಯವಾಗಿ ಮಾತಾಡಿ ಬೇಸತ್ತ ಅಕೊಸಿತಾಗೆ ಹೀಗೆ ಬೈಯುವವನೊಬ್ಬ ಸಿಕ್ಕಿದ್ದೇ ದೊಡ್ಡ ಸುಖ.

"ಬಾರೋ ಹಂದಿ! ನಿನ್ನ ಹೂಳೋಕೆ ಗುಂಡಿ ತೋಡಿಸಿಟ್ಟಿದೀನಿ," ಎಂದು ಕೂಗಿದಳು.

ಪೆನೈಯಾ ಒಬ್ಬ ಹುಡುಗಿಯನ್ನು ಮುಂದೆ ಮಾಡಿಕೊಂಡು ಒಳಗೆ ಬಂದ. "ಇವಳು ಆರಿಯೆತಾ. ನಿಮ್ಮ ಕಳ್ಳರ ದ್ವೀಪದವಳೇ. ಕತ್ತಿ ಹಿಡಿಯೋಕೆ ಬರಲ್ಲ, ಕೈ ಕುಯ್ಕೊಂಡಿದಾಳೆ."

ಬಟ್ಟೆ ಬಿಚ್ಚಿದರೆ ಅಂಗೈ ಕೀವಾಗಿ ಊದಿಕೊಂಡಿತ್ತು. ಬಹಳ ದಿನದ ಗಾಯ. ಈಗ ತಾನೇ ಓದಿದ್ದು ನೆನಪಾಗಿ ಅಕೊಸಿತಾ, "ನೀನು ಸ್ವಲ್ಪ ಹೊರಗಿರು," ಎಂದಳು.

"ತೌವೂನ ಹೊರಗೆ ಹಾಕ್ತೀಯಾ? ನಾಳೆ ಚರ್ಚಲ್ಲಿ ಎಲ್ಲರ ಮುಂದೆ ಅಳ್ತೀನಿ ನೋಡು," ಎನ್ನುತ್ತ ಅವನು ಕುರ್ಚಿ ಎಳೆದು ಕೂತು, ಅವಳ ಡಬ್ಬಿಯ ಮರಗೆಣಸಿಗೆ ಕೈ ಹಾಕಿದ. ಅವಳು ನಕ್ಕು ಸುಮ್ಮನಾದಳು.

ಗಾಯ ತೊಳೆಯುವಾಗ ಹುಡುಗಿ ಹಲ್ಲು ಕಚ್ಚಿಕೊಂಡಿದ್ದಳು. "ಇಷ್ಟು ದಿನ ಯಾಕಮ್ಮ ಬರ್ಲಿಲ್ಲ?" ಎಂದು ಅಕೊಸಿತಾ ಕೇಳಿದಳು.

ಆರಿಯೆತಾ ತಲೆಯೆತ್ತಿದಳು. ಪೆನೈಯಾನನ್ನು ನೋಡಲಿಲ್ಲ, ಅಕೊಸಿತಾಳನ್ನೇ ನೋಡಿದಳು. "ಈ ಹಂದಿ ಬಿಡಲ್ವಲ್ಲ ಅಕ್ಕ. ನನ್ನ ಪಾಸ್‌ಪೋರ್ಟ್ ನುಂಗಿ ಕೂತಿದೆ. ಸಂಬಳಾನೂ ನುಂಗುತ್ತೆ. ರಾತ್ರಿ ನಮ್ಮನ್ನ ಶೆಡ್ಡಿಗೆ ಹಾಕಿ ಬೀಗ ಜಡಿಯುತ್ತೆ. ನನ್ನನ್ನ ಈಗಾಗ್ಲೇ ಎರಡು ತೋಟಕ್ಕೆ ಮಾರಿದೆ."

ಪೆನೈಯಾ ತೊಡೆ ತಟ್ಟಿ ನಕ್ಕ. "ಎರಡು ಸಲ ಮಾರಿದ್ನಂತೆ! ಈ ಕಡ್ಡೀನ ಪುಕ್ಕಟೆ ಕೊಟ್ರೂ ಯಾರು ತಗೋತಾರೆ?"

ಅಕೊಸಿತಾಗೂ ನಗು ಉಕ್ಕಿತು. ಇಷ್ಟು ಚಿಕ್ಕ ಹುಡುಗಿಯ ಬಾಯಲ್ಲಿ ಎಂಥ ಮಾತು! ಅದೂ ಮುಖದಲ್ಲಿ ನಗು ತೋರಿಸದೆ, ಊರಿನ ಮುದುಕಿಯರು ಹೇಳುವ ಹಾಗೆ! ತನ್ನ ದ್ವೀಪದ ಹೆಣ್ಣೆಂದರೆ ಹೀಗಿರಬೇಕು ಎಂದು ಹೆಮ್ಮೆಯಾಯಿತು. ಕಣ್ಣೊರೆಸಿಕೊಂಡು, "ಭಲೇ ತಂಗಿ, ಇವನಿಗೆ ಬಾಯಿ ಮುಚ್ಚಿಸೋಳು ಬಂದ್ಲು," ಎಂದಳು. ಹುಡುಗಿ ಮಾತ್ರ ನಗಲಿಲ್ಲ. ಬ್ಯಾಂಡೇಜು ಮುಗಿಯುವತನಕ ತನ್ನ ಕೈಯನ್ನೇ ನೋಡುತ್ತಿದ್ದಳು. "ಮಂಗಳವಾರ ಮತ್ತೆ ಬಾ, ಬಿಚ್ಚಿ ನೋಡ್ಬೇಕು," ಎಂದರೆ ಹೂಂ ಎನ್ನಲೂ ಇಲ್ಲ.

ಅವರು ಹೋದ ಮೇಲೆ ಅಕೊಸಿತಾ ಉಳಿದ ಪುಟಗಳನ್ನು ಸರಸರನೆ ಒತ್ತಿ, ಪ್ರಶ್ನೆಗಳಿಗೆಲ್ಲ ಸರಿಯಾದ ಉತ್ತರ ಗುರುತಿಸಿ ತರಬೇತಿ ಮುಗಿಸಿದಳು.

ಭಾನುವಾರ ಚರ್ಚಿನಲ್ಲಿ ಹಿಂದಿನ ಸಾಲು ಖಾಲಿಯಿತ್ತು. ಮಂಗಳವಾರ ಹುಡುಗಿ ಬರಲಿಲ್ಲ. ಬುಧವಾರ ಅಕೊಸಿತಾ ಪೆನೈಯಾನಿಗೆ ಫೋನ್ ಹಚ್ಚಿದಳು.

"ಏ ಹಂದಿ, ನಮ್ಮ ಹುಡುಗೀನ ಎಲ್ಲಿ ಬಚ್ಚಿಟ್ಟೆ? ಅವಳ ಕೈ ಕೊಳೆತುಹೋಗುತ್ತೆ ಕಣೋ."

"ನಮಸ್ಕಾರ ಸಿಸ್ಟರ್," ಎಂದ ಪೆನೈಯಾ. "ಆಕೆ ಕೆಲಸ ಬಿಟ್ಟು ಹೋಗಿದ್ದಾರೆ. ಎಲ್ಲಿಗೆ ಅಂತ ನನಗೆ ತಿಳಿಯದು. ತಾವು ದಯವಿಟ್ಟು ಈ ನಂಬರಿಗೆ ಫೋನ್ ಮಾಡಬೇಡಿ."

ಫೋನ್ ಕಟ್ಟಾಯಿತು. ಅಕೊಸಿತಾ ಅದನ್ನು ಕಿವಿಗೆ ಹಿಡಿದೇ ನಿಂತಿದ್ದಳು. ಹುಟ್ಟಿದಾಗಿನಿಂದ ಯಾವ ತೌವೂ ಅವಳನ್ನು ತಾವು ಎಂದಿರಲಿಲ್ಲ. ಹಾಗಾದರೆ ಹುಡುಗಿ ಅಂದದ್ದು ತಮಾಷೆಯಾಗಿರಲಿಲ್ಲ. ಅವನ ಎದುರಿಗೇ, ಅವನು ಸಿಟ್ಟಾಗಲೂ ಆಗದ ಹಾಗೆ ಹೇಳಲು ಆ ಹುಡುಗಿಗೆ ಇದ್ದದ್ದು ತೌವಿನ ಬೈಗುಳವೊಂದೇ ದಾರಿ. ತನ್ನ ದ್ವೀಪದ ಅಕ್ಕ, ಅರ್ಥ ಮಾಡಿಕೊಳ್ಳುತ್ತಾಳೆ ಎಂದು ನಂಬಿ ಹೇಳಿದ್ದಳು. ಅಯ್ಯೋ ದೇವರೇ, ಅವನನ್ನು ಹೊರಗೆ ಕಳಿಸಿದ್ದರೆ ಸಾಕಾಗಿತ್ತು.

ನಡೆದದ್ದನ್ನೆಲ್ಲ ಅವಳ ಬಾಯಿಂದ ಕೇಳಿದ ಗ್ಲೆನಿಸ್ ಒಂದು ಮಾತೂ ಬೈಯಲಿಲ್ಲ. ಪೊಲೀಸರ ನಂಬರು ತಾನೇ ಒತ್ತಿ ಫೋನನ್ನು ಅಕೊಸಿತಾಳ ಕೈಗಿಟ್ಟಳು. ಆ ಕಡೆ ಹೆಂಗಸೊಬ್ಬಳು ಸಮಾಧಾನದಿಂದ ಕೇಳುತ್ತ, ಹೇಳಿದ್ದನ್ನೆಲ್ಲ ಟೈಪು ಮಾಡಿಕೊಳ್ಳುತ್ತಿದ್ದಳು. ತೋಟದ ದಾರಿ ಕೇಳಿದಳು, ಶೆಡ್ಡಿನ ಬಗ್ಗೆ ಕೇಳಿದಳು.

"ಆ ಹುಡುಗಿ ಏನಂದ್ಲು? ಅವಳು ಹೇಳಿದ ಹಾಗೇ ಹೇಳಿ."

ಅಕೊಸಿತಾ ಹೇಳಿದಳು. ಪಾಸ್‌ಪೋರ್ಟು, ಸಂಬಳ, ಬೀಗ, ಎರಡು ತೋಟ. ಇಂಗ್ಲಿಷಿನಲ್ಲಿ ಹೇಳುವಾಗ ಅದರಲ್ಲಿ ತಮಾಷೆ ಎಂಬುದು ಎಳ್ಳಷ್ಟೂ ಇರಲಿಲ್ಲ.

"ಇಷ್ಟು ಸ್ಪಷ್ಟವಾಗಿ ಹೇಳಿದ್ಲಾ?"

"ಹೌದು. ಸ್ಪಷ್ಟವಾಗೇ ಹೇಳಿದ್ಲು."

"ಆವಾಗ ನೀವೇನು ಮಾಡಿದ್ರಿ?"

ಅಕೊಸಿತಾ ಗೋಡೆಯ ಕಡೆ ತಿರುಗಿಕೊಂಡಳು.

"ನಕ್ಕೆ," ಎಂದಳು.

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. ಆಮೇಲೆ, ಮೆಲ್ಲಗೆ, ಆ ಒಂದು ಪದವನ್ನು ಟೈಪು ಮಾಡಿಕೊಳ್ಳುವುದು ಕೇಳಿಸಿತು.